ಬಾಸ್ ಹೇಳಿದರೆಂದು ಸಹಿ ಹಾಕಲೇ?

ಪ್ರಶ್ನೆ: ನಾನು ಬೆಂಗಳೂರಿನ ಕನ್ಸಲ್ಟೆನ್ಸಿಯೊಂದರಲ್ಲಿ ಸೀನಿಯರ್ ಸ್ಟ್ರಕ್ಚರಲ್ ಎಂಜಿನಿಯರ್. ನಾಲ್ಕು ಅಂತಸ್ತಿಗೆಂದು ನಾವೇ ಡಿಸೈನ್ ಮಾಡಿಕೊಟ್ಟ ಕಟ್ಟಡದ ಮೇಲೆ ಬಿಲ್ಡರ್ ಈಗ ಇನ್ನೆರಡು ಏರಿಸಬೇಕಂತೆ. ಇಟ್ಯಾಬ್ಸ್ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದರೆ ಕೆಳಗಿನ ಕೆಲವು ಕಾಲಂಗಳು ಫೇಲ್. ಬಾಸ್ ಮಾತ್ರ, "ಸೇಫ್ಟಿ ಫ್ಯಾಕ್ಟರ್ ಇದೆಯಲ್ರೀ, ಲೈವ್ ಲೋಡ್ ಸ್ವಲ್ಪ ಇಳಿಸಿ ಪಾಸ್ ಮಾಡಿ, ಸಹಿ ಹಾಕಿ" ಅನ್ನುತ್ತಾರೆ. ಹತ್ತು ವರ್ಷದಿಂದ ಅನ್ನ ಕೊಟ್ಟವರು. ಮನೆ ಸಾಲವೂ ಇದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಸಹಿ ಹಾಕಬೇಡಿ. ಅದನ್ನು ಬಾಸ್‌ಗೆ ಹೇಗೆ ಹೇಳುವುದು ಎಂಬುದಷ್ಟೇ ಈಗ ಯೋಚಿಸಬೇಕಾದ್ದು.

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456, ಹೊರೆಯನ್ನು ಒಂದೂವರೆ ಪಟ್ಟು ಹಿಡಿಯಿರಿ, ಕಾಂಕ್ರೀಟಿನ ಬಲವನ್ನು 1.5ರಿಂದ ಭಾಗಿಸಿ ಎನ್ನುವುದು ಸುಮ್ಮನೆ ಅಲ್ಲ. ಸೈಟಿನಲ್ಲಿ ಮಿಶ್ರಣಕ್ಕೆ ನೀರು ಜಾಸ್ತಿಯಾಗುತ್ತದೆ, ಕ್ಯೂರಿಂಗ್ ಎರಡೇ ದಿನಕ್ಕೆ ನಿಲ್ಲುತ್ತದೆ, ಮನೆಯೊಳಗೆ ಜನ ಏನೇನೋ ತುಂಬುತ್ತಾರೆ. ಬಾಸ್ ಉಳಿದಿದೆ ಅಂದುಕೊಂಡಿರುವ ಅಂತರ ಆ ಕಟ್ಟಡದಲ್ಲಿ ಆಗಲೇ ಖರ್ಚಾಗಿರಬಹುದು. ಇನ್ನು ಲೈವ್ ಲೋಡ್. ಮಹಡಿ ಹೆಚ್ಚಿದಂತೆ ಕಾಲಂಗೆ ಎಷ್ಟು ರಿಯಾಯಿತಿ ಕೊಡಬಹುದೆಂದು ಐಎಸ್ 875ರ ಎರಡನೇ ಭಾಗವೇ ಬರೆದಿಟ್ಟಿದೆ. ಅದನ್ನು ಬಳಸಿಕೊಂಡಿದ್ದೀರಾ ನೋಡಿ. ಅದರಾಚೆ ಇಳಿಸಿದರೆ ಅದಕ್ಕೆ ಸುಳ್ಳುಲೆಕ್ಕ ಅಂತಲೇ ಹೆಸರು.

1981ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ಹೋಟೆಲಿನಲ್ಲಿ ತೂಗುಹಾದಿಗಳು ಕುಸಿದು 114 ಜನ ಸತ್ತರು. ಒಂದೇ ಉದ್ದನೆಯ ಸರಳಿನ ಬದಲು ಎರಡು ತುಂಡು ಹಾಕುವ ಬದಲಾವಣೆಗೆ ಯಾರೂ ಮರುಲೆಕ್ಕ ಮಾಡಿರಲಿಲ್ಲ. ಮೇಲಿನ ಜೋಡಣೆಯ ಹೊರೆ ಇಮ್ಮಡಿಯಾಗಿತ್ತು. ಡ್ರಾಯಿಂಗ್ ಮೇಲೆ ಒಪ್ಪಿಗೆಯ ಮುದ್ರೆ ಮಾತ್ರ ಇತ್ತು. ಕೊನೆಗೆ ಮುಖ್ಯ ಎಂಜಿನಿಯರ್ ಜೊತೆಗೆ, ಅವರ ಕೈಕೆಳಗಿದ್ದ ಪ್ರಾಜೆಕ್ಟ್ ಎಂಜಿನಿಯರ್‌ನ ಲೈಸೆನ್ಸೂ ಹೋಯಿತು. ನೀವು ನೆನಪಿಡಬೇಕಾದ್ದು ಈ ಎರಡನೆಯವರನ್ನು.

ಬಾಸ್ ಮುಂದೆ ಬರೀ "ಆಗಲ್ಲ ಸಾರ್" ಎಂದು ನಿಲ್ಲಬೇಡಿ. ಯಾವ ಕಾಲಂ, ಎಷ್ಟು ಫೇಲ್ ಎಂದು ಇಮೇಲ್‌ನಲ್ಲಿ ಬರೆಯಿರಿ. ಜೊತೆಗೇ ದಾರಿಯನ್ನೂ ಇಡಿ: ಕೋರ್ ಟೆಸ್ಟ್ ಮಾಡಿಸೋಣ, ಮಣ್ಣಿನ ವರದಿ ಹಿಡಿದು ಫುಟಿಂಗ್ ಮತ್ತೆ ನೋಡೋಣ, ಕಾಲಂಗಳಿಗೆ ಜಾಕೆಟಿಂಗ್ ಮಾಡಿದರೆ ಒಂದಾದರೂ ಮಹಡಿ ತಾಳುತ್ತದಾ ಎಂದು ಲೆಕ್ಕ ಹಾಕೋಣ. ಹೊರಗಿನ ಎಂಜಿನಿಯರ್ ಒಬ್ಬರಿಂದ ಪರಿಶೀಲನೆಯನ್ನೂ ಕೇಳಿ. ಹೆಚ್ಚಿನ ಮಹಡಿಗಳಿಗೆ ಪ್ಲ್ಯಾನ್ ಮಂಜೂರಾತಿ ಇದೆಯೇ ಎಂದೂ ವಿಚಾರಿಸಿ. ಅದಿಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬಿಲ್ಡರ್‌ಗೆ ಇಲ್ಲ ಎನ್ನಲು ಬಾಸ್‌ಗೂ ಒಂದು ಕಾಗದ ಬೇಕಾಗಿರಬಹುದು.

ಅನ್ನದ ಋಣ ಎಂದಿರಿ. ಹತ್ತು ವರ್ಷ ದುಡಿದು ಅದನ್ನು ತೀರಿಸಿದ್ದೀರಿ. ಅಷ್ಟಾದರೂ ಅವರು ಒತ್ತಾಯಿಸಿದರೆ ಬೇರೆ ಕೆಲಸ ಹುಡುಕಲು ಶುರುಮಾಡಿ. ಸದ್ಯಕ್ಕೆ, ಇಮೇಲ್ ನಾಳೆಯೇ ಹೋಗಲಿ.