ಸಿಲಿಂಡರ್ ದೂರು ಯಾವ ಬಾಗಿಲಿಗೆ?

ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಹೊಸದಾಗಿ ಮನೆ ಮಾಡಿದವರಿಗೆ ಗ್ಯಾಸ್ ಏಜೆನ್ಸಿಯವರು ‘ಸ್ಟವ್ ನಮ್ಮಲ್ಲೇ ತಗೋಬೇಕು’ ಎಂದರೆ ಒಪ್ಪಬೇಕಾಗಿಲ್ಲ. ಸಿಟ್ಟಿಗೆದ್ದು ನೇರವಾಗಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಬರೆಯುವುದೂ ಬೇಡ. ಒಬ್ಬ ಗ್ರಾಹಕನಿಗಾದ ಅನ್ಯಾಯಕ್ಕೆ ಜಿಲ್ಲಾ ಗ್ರಾಹಕ ಆಯೋಗವಿದೆ, 1915 ಸಹಾಯವಾಣಿಯಿದೆ. ಜಿಲ್ಲಾ ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು. ಸ್ಪರ್ಧಾ ಆಯೋಗ ನೋಡುವುದು ಇಡೀ ಮಾರುಕಟ್ಟೆಗೆ ಆಗುವ ಪೆಟ್ಟನ್ನು.

ದೊಡ್ಡಬಳ್ಳಾಪುರ ರಸ್ತೆಯ ಬಂಕುಗಳಲ್ಲೆಲ್ಲ ಪೆಟ್ರೋಲ್ ದರ ಹೆಚ್ಚುಕಡಿಮೆ ಒಂದೇ ಇದ್ದರೆ ಒಳಒಪ್ಪಂದ ಎನ್ನಬಹುದೇ? ಅಷ್ಟರಿಂದಲೇ ಆಗದು. ಉದಾಹರಣೆಗೆ, 2010ರಲ್ಲಿ ಇಂಡಿಯನ್ ಆಯಿಲ್ ಕರೆದ 14.2 ಕಿಲೋ ಸಿಲಿಂಡರ್ ಟೆಂಡರಿಗೆ ತಯಾರಕರು ಒಂದೇ ತೆರನಾದ ದರ ಹಾಕಿದ್ದರು. ಟೆಂಡರಿಗೆ ಮುನ್ನ ಮುಂಬೈನಲ್ಲಿ ಸಭೆಯೂ ಸೇರಿತ್ತು. 2012ರಲ್ಲಿ ಸ್ಪರ್ಧಾ ಆಯೋಗ 45 ಕಂಪನಿಗಳಿಗೆ ಸರಾಸರಿ ವಹಿವಾಟಿನ ಶೇ. 7ರಷ್ಟು ದಂಡ ಹಾಕಿತು. ಒಟ್ಟು ಸುಮಾರು 165 ಕೋಟಿ ರೂಪಾಯಿ. 2018ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೊಳ್ಳುವವರು ಮೂರೇ ಸರ್ಕಾರಿ ಕಂಪನಿಗಳು, ಬೆಲೆ ಮೇಲೆ ಹಿಡಿತವೂ ಕೊಳ್ಳುವವರದೇ. ಹಾಗಿದ್ದಾಗ ಒಂದೇ ದರ ಬರುವುದಕ್ಕೆ ಮಾರುಕಟ್ಟೆಯ ಸ್ಥಿತಿಯೇ ಕಾರಣವಿರಬಹುದು ಎಂಬುದು ತೀರ್ಪಿನ ತಿರುಳು. ಸಭೆ ನಡೆದದ್ದನ್ನು ಅಷ್ಟು ಹಗುರಾಗಿ ಕಂಡದ್ದು ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಹಾಗಂತ ದೊಡ್ಡ ಕಂಪನಿ ತನಿಖೆಯನ್ನೇ ಸುಲಭವಾಗಿ ತಡೆದುಬಿಡುತ್ತದೆ ಎಂದುಕೊಳ್ಳಬೇಡಿ. ಅಮೆಜಾನ್, ಫ್ಲಿಪ್‌ಕಾರ್ಟ್ ಸ್ಪರ್ಧಾ ಆಯೋಗದ ತನಿಖೆಯ ವಿರುದ್ಧ ಹೂಡಿದ ರಿಟ್ ಅರ್ಜಿಗಳನ್ನು ಕರ್ನಾಟಕ ಹೈಕೋರ್ಟ್ 2021ರ ಜೂನ್ 11ರಂದು ವಜಾ ಮಾಡಿತು. ಜುಲೈನಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ತನಿಖೆಗೆ ಆದೇಶಿಸುವುದು ಶಿಕ್ಷೆಯಲ್ಲ.

ಸ್ಪರ್ಧಾ ಆಯೋಗಕ್ಕೆ ಮಾಹಿತಿ ಕೊಡಲು ನಿಮಗೇ ನಷ್ಟವಾಗಿರಬೇಕೆಂದಿಲ್ಲ. ಓಲಾ–ಊಬರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ವ್ಯಕ್ತಿಗೆ ಶುಲ್ಕ 5,000 ರೂಪಾಯಿ. ಘಟನೆ ನಡೆದ 3 ವರ್ಷದೊಳಗೆ ಬರೆಯಬೇಕು. ಬಿಲ್, ದರಪಟ್ಟಿ, ಪತ್ರ, ವಾಟ್ಸಾಪ್ ಸಂದೇಶ, ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿ. ಹೆಸರು ಗುಟ್ಟಾಗಿಡಬೇಕೆಂದರೆ ಕೋರಿಕೆಯನ್ನೂ ಸೇರಿಸಿ. ಮೇಲ್ನೋಟಕ್ಕೆ ಹುರುಳಿದೆ ಅನ್ನಿಸಿದರೆ ಆಯೋಗ ಮಹಾನಿರ್ದೇಶಕರಿಗೆ ತನಿಖೆ ಒಪ್ಪಿಸುತ್ತದೆ. ಹುರುಳಿಲ್ಲವೆಂದು ಮುಚ್ಚಿದರೆ 60 ದಿನದೊಳಗೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಆಯೋಗ ವಿಧಿಸುವ ದಂಡ ಸರ್ಕಾರದ ಖಜಾನೆಗೆ ಸೇರುತ್ತದೆ, ದೂರಿತ್ತವರಿಗಲ್ಲ. ನಿಮ್ಮ ನಷ್ಟಕ್ಕೆ ಪರಿಹಾರ ಬೇಕಿದ್ದರೆ ಅದೇ ಮೇಲ್ಮನವಿ ನ್ಯಾಯಮಂಡಳಿಗೆ ಪ್ರತ್ಯೇಕ ಅರ್ಜಿ ಹಾಕಬೇಕು.