ಗುಹೆಯ ಬಾಯಲ್ಲಿ ಕೂಡಿದ ಜನಸಮೂಹ



ಒಬ್ಬನು ಬಾವಿಗೆ ಬಿದ್ದನೆಂಬ ಕೂಗು ಊರಲ್ಲಿ ಎದ್ದರೆ ಏನಾಗುವದೆಂದು ನೀವೆಲ್ಲರೂ ಬಲ್ಲಿರಿ. ಹಗ್ಗ ತರುವವರು ಇಬ್ಬರು, ಇಳಿಯುವವನು ಒಬ್ಬನು, ಕಟ್ಟೆಯ ಸುತ್ತಲೂ ನಿಂತು ನೋಡುವವರು ನೂರು ಮಂದಿ. ಆ ನೂರು ಮಂದಿಯಲ್ಲಿ ಕನಿಕರವಿಲ್ಲವೆಂದು ಹೇಳಲಾಗದು. ಆದರೆ ಅವರ ಕನಿಕರದಿಂದ ಬಿದ್ದವನಿಗೆ ಆದ ಪ್ರಯೋಜನವೇನು? ಇದನ್ನು ವಿಚಾರಿಸುವದಕ್ಕಾಗಿ 1925ನೇ ಇಸವಿಯಲ್ಲಿ ಅಮೇರಿಕಾ ದೇಶದ ಕೆಂಟಕಿ ಸಂಸ್ಥಾನದಲ್ಲಿ ನಡೆದ ಒಂದು ಸಂಗತಿಯನ್ನು ಈ ತಿಂಗಳ ಪಾಠವಾಗಿ ತೆಗೆದುಕೊಳ್ಳೋಣ.

1. ನಡೆದ ಸಂಗತಿ

ಕೆಂಟಕಿಯ ಆ ಭಾಗದ ನೆಲವು ಸುಣ್ಣಕಲ್ಲಿನದು. ನೀರು ಅನೇಕ ಸಾವಿರ ವರುಷ ಆ ಕಲ್ಲನ್ನು ಕರಗಿಸಿ, ನೆಲದ ಕೆಳಗೆ ದೊಡ್ಡ ದೊಡ್ಡ ಗುಹೆಗಳನ್ನು ಮಾಡಿದೆ. ಮ್ಯಾಮತ್ ಎಂಬ ಗುಹೆಯು ಅವುಗಳಲ್ಲಿ ಪ್ರಸಿದ್ಧವಾದದ್ದು. ಅಲ್ಲಿಯ ಹೊಲಗಳು ಬಡವಾಗಿದ್ದದರಿಂದ, ಯಾರ ಭೂಮಿಯಲ್ಲಿ ಗುಹೆಯಿತ್ತೋ ಅವರು ಅದನ್ನು ಪ್ರವಾಸಿಗಳಿಗೆ ತೋರಿಸಿ ಹಣ ಸಂಪಾದಿಸುತ್ತಿದ್ದರು. ಫ್ಲಾಯ್ಡ್ ಕಾಲಿನ್ಸ್ ಎಂಬವನು ಇಂಥ ಒಕ್ಕಲುಮನೆಯವನೇ. 1917ರಲ್ಲಿ ಅವನು ತಮ್ಮ ಹೊಲದ ಕೆಳಗೆ ಕ್ರಿಸ್ಟಲ್ ಗುಹೆಯೆಂಬ ಸುಂದರವಾದ ಗುಹೆಯನ್ನು ಕಂಡುಹಿಡಿದನು. ಆದರೆ ಅದು ಹೆದ್ದಾರಿಗೆ ದೂರವಾಗಿದ್ದದರಿಂದ ಅಲ್ಲಿಗೆ ಬರುವವರು ಕಡಿಮೆ. ಆದಕಾರಣ ದಾರಿಗೆ ಸಮೀಪವಾದ ಇನ್ನೊಂದು ಗುಹೆಯನ್ನು ಹುಡುಕಬೇಕೆಂದು ಅವನು ಸ್ಯಾಂಡ್ ಗುಹೆ ಎಂಬ ಇಕ್ಕಟ್ಟಾದ ಬಿಲವನ್ನು ಹೊಕ್ಕನು. ಅದು 1925ನೇ ಜನವರಿ 30ನೇ ತಾರೀಖು, ಕಠಿಣವಾದ ಚಳಿಗಾಲ. ಅವನೊಂದಿಗೆ ಯಾರೂ ಇರಲಿಲ್ಲ.

ಹಿಂದಿರುಗಿ ಬರುವಾಗ ಒಂದು ಕಲ್ಲು ಸಡಿಲಿ ಅವನ ಎಡಗಾಲಿನ ಮೇಲೆ ಬಿತ್ತು. ಅದರ ತೂಕವು ಸುಮಾರು 12 ಕಿಲೋ ಮಾತ್ರ. ಬಯಲಲ್ಲಿ ಒಬ್ಬ ಹುಡುಗನು ಅದನ್ನು ಎತ್ತಿ ಎಸೆದಾನು. ಆದರೆ ಆ ಇಕ್ಕಟ್ಟಿನಲ್ಲಿ ಕೈಗಳನ್ನು ಕಾಲಿನ ತನಕ ಚಾಚಲು ಸ್ಥಳವಿರಲಿಲ್ಲ. ಮರುದಿನ ನೆರೆಯವರು ಅವನನ್ನು ಹುಡುಕಿ ಬಂದು ಅವನ ಸ್ವರವನ್ನು ಕೇಳಿದರು.

ಅವನ ತಮ್ಮನಾದ ಹೋಮರನು ತೆವಳಿಕೊಂಡು ಹೋಗಿ ಅವನಿಗೆ ಉಣಿಸಿದನು. ಮಿಲ್ಲರ್ ಎಂಬ ಪತ್ರಿಕೆಯ ಬಾತ್ಮೀದಾರನು ಸಣ್ಣ ದೇಹದವನಾಗಿದ್ದದರಿಂದ ಹಲವು ಸಾರಿ ಅವನ ಬಳಿಗೆ ಇಳಿದು, ಅವನ ಮಾತುಗಳನ್ನು ಲೋಕಕ್ಕೆ ತಿಳಿಸಿದ್ದಲ್ಲದೆ, ಅವನನ್ನು ಬಿಡಿಸುವದಕ್ಕೂ ತಾನೇ ಪ್ರಯಾಸಪಟ್ಟನು. ಒಮ್ಮೆ ಹಗ್ಗ ಕಟ್ಟಿ ಎಳೆದರು, ನೋವು ತಾಳದೆ ಅವನು ಅರಚಿದ್ದರಿಂದ ಬಿಟ್ಟರು. ಜಾಕಿಯಿಂದ ಕಲ್ಲನ್ನು ಎತ್ತಲು ಯತ್ನಿಸಿದರು, ಅದೂ ನಿಲ್ಲಲಿಲ್ಲ. ಬೆಳಕಿಗೂ ಬೆಚ್ಚಗಿರುವದಕ್ಕೂ ಒಂದು ವಿದ್ಯುದ್ದೀಪವನ್ನು ಅವನ ಬಳಿಗೆ ಇಳಿಸಿದರು. ಫೆಬ್ರವರಿ 4ರಲ್ಲಿ ದಾರಿಯು ಕುಸಿದು ಮುಚ್ಚಿಹೋಯಿತು.

ಆಮೇಲೆ ಪಕ್ಕದಲ್ಲಿ ನೇರವಾಗಿ 55 ಅಡಿ ಆಳದ ಗುಣಿಯನ್ನು ತೋಡಲಾರಂಭಿಸಿದರು. ಮದ್ದು ಹಾರಿಸಿದರೆ ಗುಹೆಯೇ ಕುಸಿದೀತೆಂದು ಗುದ್ದಲಿ ಸಲಿಕೆಗಳಿಂದಲೇ ಕೆಲಸ ಸಾಗಿತು. ಮಳೆ ಬಂದು ಮಣ್ಣು ಜಾರುತ್ತಿತ್ತು. ಆದರೂ ತೋಡುವವರು ಹಗಲಿರುಳು ಬಿಡಲಿಲ್ಲ. ಫೆಬ್ರವರಿ 16ರಲ್ಲಿ ಅವನ ಬಳಿಗೆ ಮುಟ್ಟಿದರು. ಅಷ್ಟರಲ್ಲಿ ಅವನು ಸತ್ತು ಸುಮಾರು ಮೂರು ದಿನಗಳಾಗಿದ್ದವು. ಅವನಿಗೆ 37 ವರುಷ ವಯಸ್ಸು.

2. ಜನರು ಮಾಡಿದ್ದು

ಮಿಲ್ಲರನ ಬರಹಗಳು ದೇಶದ ಪತ್ರಿಕೆಗಳಲ್ಲೆಲ್ಲಾ ಮುಖಪುಟದಲ್ಲಿ ಅಚ್ಚಾದವು. ಅವುಗಳಿಗಾಗಿ 1926ರಲ್ಲಿ ಅವನಿಗೆ ಪುಲಿಟ್ಜರ್ ಬಹುಮಾನವೂ ದೊರೆಯಿತು. ರೇಡಿಯೋ ಆಗ ಹೊಸದು. ಅದರ ಮೂಲಕ ಮನೆಮನೆಯಲ್ಲಿ ಜನರು ಆ ವರ್ತಮಾನಕ್ಕಾಗಿ ಕಾದು ಕೂತಿದ್ದರು. ದೇಶದ ಮೂಲೆಮೂಲೆಗಳಿಂದ ಸಲಹೆಗಳು ಬಂದವು. ಕಾಣದ ಒಬ್ಬ ಒಕ್ಕಲಿಗನಿಗಾಗಿ ಇಷ್ಟು ಮಂದಿ ವ್ಯಥೆಪಟ್ಟದ್ದು ಮೆಚ್ಚತಕ್ಕದ್ದೇ.

ಆದರೆ ಫೆಬ್ರವರಿ 8ನೇ ತಾರೀಖಿನ ಆದಿತ್ಯವಾರ ಅಲ್ಲಿ ನಡೆದದ್ದನ್ನು ಕೇಳಿರಿ. ಆ ದಿವಸ ಸಾವಿರಾರು ಮಂದಿ ಮೋಟಾರುಗಳಲ್ಲಿಯೂ ರೈಲುಗಳಲ್ಲಿಯೂ ಬಂದು ಕೂಡಿದರು. ಅಲ್ಲಿ ಪ್ರಾರ್ಥನೆಯೂ ನಡೆಯಿತು, ವ್ಯಾಪಾರವೂ ನಡೆಯಿತು. ತಿಂಡಿ ಮಾರುವವರು, ಬುಗ್ಗೆ ಮಾರುವವರು, ಕಳ್ಳಸಾರಾಯಿ ಮಾರುವವರು ಎಲ್ಲರೂ ಬಂದರು. ನೆಲದ ಕೆಳಗೆ ಒಬ್ಬನು ಕತ್ತಲೆಯಲ್ಲಿ ಒದ್ದೆ ಕಲ್ಲಿನ ನಡುವೆ ಸಾಯುತ್ತಿರಲು, ನೆಲದ ಮೇಲೆ ಜಾತ್ರೆಯಾಯಿತು. ಗುಂಪನ್ನು ತಡೆಯುವದಕ್ಕೆ ಸರಕಾರವು ಸಿಪಾಯಿಗಳನ್ನು ನಿಲ್ಲಿಸಬೇಕಾಯಿತು.

ಇನ್ನೂ ದುಃಖಕರವಾದ ಸಂಗತಿ ಒಂದುಂಟು. ದಾರಿ ಕುಸಿಯುವ ಮೊದಲು ಸಹಾಯಕ್ಕೆಂದು ಒಳಗೆ ಹೋದವರಲ್ಲಿ ಕೆಲವರು ಅರ್ಧ ದಾರಿಯಲ್ಲಿ ಹೆದರಿ, ತಂದ ಆಹಾರವನ್ನೂ ಕಂಬಳಿಗಳನ್ನೂ ಕಲ್ಲಿನ ಸಂದುಗಳಲ್ಲಿ ತುರುಕಿ, ಹೊರಗೆ ಬಂದು, ಅವನಿಗೆ ಕೊಟ್ಟು ಬಂದೆವೆಂದು ಹೇಳಿದರು. ಆ ಮಾತನ್ನು ನಂಬಿದ ಮೇಲಿನವರು ಅವನು ಉಂಡು ಬೆಚ್ಚಗಿದ್ದಾನೆಂದು ತಿಳಿದರು.

ಹೊರಗೆ ಗಾಳಿಮಾತುಗಳೂ ಹುಟ್ಟಿದವು. ಇದೆಲ್ಲಾ ಪ್ರವಾಸಿಗಳನ್ನು ಎಳೆಯುವದಕ್ಕೆ ಹೂಡಿದ ಕಪಟವೆಂದು ಕೆಲವರು ಅಂದರು, ಫ್ಲಾಯ್ಡನು ರಾತ್ರಿ ಹೊರಗೆ ಬಂದು ಹೋಗುತ್ತಾನೆಂದು ಬೇರೆ ಕೆಲವರು ಅಂದರು. ಕಡೆಗೆ ಸರಕಾರದವರು ಸೇನೆಯ ಅಧಿಕಾರಿಗಳಿಂದ ವಿಚಾರಣೆ ನಡಿಸಬೇಕಾಯಿತು. ಕಪಟವೇನೂ ಕಂಡುಬರಲಿಲ್ಲ. ತೋಡುವ ಕೆಲಸಕ್ಕೆ ಬೇಕಾದ ಸಮಯವೂ ಮನಸ್ಸೂ ಹೀಗೆ ಸುಳ್ಳಿಗೆ ಉತ್ತರ ಕೊಡುವದರಲ್ಲಿ ವ್ಯಯವಾಯಿತು.

3. ಸತ್ತ ಮೇಲೆ

ಅದೇ ವರುಷ ಅಟ್ಲಾಂಟಾ ಪಟ್ಟಣದ ಆಂಡ್ರ್ಯೂ ಜೆಂಕಿನ್ಸ್ ಎಂಬ ಕುರುಡನಾದ ಬೋಧಕನು ಅವನ ಮರಣವನ್ನು ಕುರಿತು ಹಾಡು ಕಟ್ಟಿದನು. ಅದು ಗ್ರಾಮಫೋನ್ ತಟ್ಟೆಗಳಲ್ಲಿ ಬಹಳವಾಗಿ ಮಾರಿತು. ಏಪ್ರಿಲ್ ತಿಂಗಳಲ್ಲಿ ಮನೆಯವರು ದೇಹವನ್ನು ಹೊರಗೆ ತೆಗೆಸಿ ಹೊಲದಲ್ಲಿ ಹೂಣಿಟ್ಟರು. ಆದರೆ 1927ರಲ್ಲಿ ಕ್ರಿಸ್ಟಲ್ ಗುಹೆಯನ್ನು ಕೊಂಡುಕೊಂಡವನು ಆ ದೇಹವನ್ನು ತೋಡಿ ತೆಗೆದು, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಗುಹೆಯೊಳಗೆ ಪ್ರವಾಸಿಗಳಿಗೆ ತೋರಿಸಿದನು. 1929ರಲ್ಲಿ ಕಳ್ಳರು ಅದನ್ನು ಕದ್ದರು. ದೇಹವು ಸಿಕ್ಕಿತು, ಒಂದು ಕಾಲು ಸಿಕ್ಕಲಿಲ್ಲ. 1961ರಲ್ಲಿ ಸರಕಾರದ ಉದ್ಯಾನ ಇಲಾಖೆಯವರು ಆ ಗುಹೆಯನ್ನು ಕೊಂಡು ಮುಚ್ಚಿದರು. 1989ರಲ್ಲಿ, ಅಂದರೆ ಸತ್ತ 64 ವರುಷಗಳ ಮೇಲೆ, ಅವನನ್ನು ಒಂದು ಬ್ಯಾಪ್ಟಿಸ್ಟ್ ಸಭೆಯ ಸ್ಮಶಾನದಲ್ಲಿ ಮಣ್ಣಿಗೆ ಒಪ್ಪಿಸಿದರು.

4. ನಾವು ಕಲಿಯತಕ್ಕದ್ದು

ಮೊದಲನೆಯದು: ಕನಿಕರಪಡುವದು ಬೇರೆ, ನೆರವಾಗುವದು ಬೇರೆ. ಗುಹೆಯ ಬಾಯಲ್ಲಿ ನಿಂತವರು ಕೆಟ್ಟವರಲ್ಲ. ಅನೇಕರು ಅತ್ತಿರಬೇಕು. ಆದರೆ ಅವರ ಕಣ್ಣೀರು ಕೆಳಗೆ ಇಳಿಯಲಿಲ್ಲ. ಇಳಿದವರು ಕೆಲವರೇ, ತೋಡಿದವರು ಕೆಲವರೇ. ಇಳಿಯಲಾರದವನೂ ತೋಡಲಾರದವನೂ ಮಾಡಬಹುದಾದ ಸಹಾಯ ಒಂದುಂಟು. ಅದು ಯಾವದೆಂದರೆ, ದಾರಿ ಬಿಟ್ಟು ನಿಲ್ಲುವದು.

ಎರಡನೆಯದು: ಮಾಡದ ಸಹಾಯವನ್ನು ಮಾಡಿದೆನೆಂದು ಹೇಳಬಾರದು. ಹೆದರಿ ಹಿಂದಿರುಗುವದು ಮನುಷ್ಯಸಹಜ, ಅದಕ್ಕಾಗಿ ಯಾರನ್ನೂ ನಿಂದಿಸಲಾಗದು. ಆದರೆ "ಮುಟ್ಟಲಾರದೆ ಬಂದೆನು" ಎಂದು ಒಪ್ಪಿದ್ದರೆ ಬೇರೊಬ್ಬನು ಹೋಗುತ್ತಿದ್ದನು. ನಾಚಿಕೆಯಿಂದ ಹುಟ್ಟಿದ ಒಂದು ಸುಳ್ಳು ಹಸಿದವನ ಊಟವನ್ನು ಕಲ್ಲಿನ ಸಂದಿನಲ್ಲಿ ಉಳಿಸಿತು. ರೋಗಿಯನ್ನು ನೋಡಿ ಬರುತ್ತೇನೆಂದು ಹೇಳಿ ಹೋಗದಿರುವವನೂ, ಬಡವನಿಗೆ ಕೊಡಲಿಕ್ಕೆಂದು ಪಡೆದದ್ದನ್ನು ಮುಟ್ಟಿಸದವನೂ ಇದನ್ನು ಯೋಚಿಸಲಿ.

ಮೂರನೆಯದು: ಆಪತ್ತಿನಲ್ಲಿರುವವನ ತಪ್ಪನ್ನು ಎಣಿಸುತ್ತಾ ಕೂಡಬಾರದು. ಅವನು ಒಬ್ಬನೇ ಹೋದದ್ದು ಅವಿವೇಕವೇ ಸರಿ. ಆದರೆ ಅದನ್ನು ಹೇಳುವ ಕಾಲ ಬೇರೆ. ಸಿಲೋವದಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಮಿಕ್ಕವರಿಗಿಂತ ಹೆಚ್ಚು ಅಪರಾಧಿಗಳೋ ಎಂದು ಕರ್ತನು ಕೇಳಿದ್ದನ್ನು ನಾವು ಓದಿದ್ದೇವಷ್ಟೆ.

ನಾಲ್ಕನೆಯದು: ಸತ್ತವನು ನೋಟದ ವಸ್ತುವಲ್ಲ. ದೇಹವನ್ನು ಗಾಜಿನ ಕೆಳಗಿಟ್ಟವನನ್ನು ನಾವು ಹಳಿಯುತ್ತೇವೆ. ಈಗ ಅಪಘಾತದ ಸ್ಥಳದಲ್ಲಿ ಕೈಯಲ್ಲಿ ಮೊಬೈಲ್ ಹಿಡಿದು ಹೆಣದ ಚಿತ್ರ ತೆಗೆದು ಊರಿಗೆಲ್ಲಾ ಕಳುಹಿಸುವವನು ಅವನಿಗಿಂತ ಎಷ್ಟು ದೂರದಲ್ಲಿದ್ದಾನೆ?

ಇದು ದೂರದೇಶದ ಸಂಗತಿಯೆಂದು ಬಿಡಬಾರದು. ನಮ್ಮ ಹೊಲಗಳಲ್ಲಿ ನೀರು ಬಾರದೆ ಬಿಟ್ಟ ಕೊಳವೆಬಾವಿಗಳಿಗೆ ಎಷ್ಟೋ ಮಕ್ಕಳು ಬಿದ್ದಿದ್ದಾರೆ. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಹಾಗೆ ಬಿದ್ದ ಒಂದು ಕೂಸನ್ನು, ಪಕ್ಕದಲ್ಲಿ ಗುಣಿ ತೋಡಿ, ಸುಮಾರು 20 ತಾಸುಗಳ ಮೇಲೆ ಜೀವಸಹಿತ ತೆಗೆದರು. ಎಲ್ಲಾ ಕಡೆ ಹೀಗಾಗಿಲ್ಲ. ಬಿಟ್ಟ ಕೊಳವೆಬಾವಿಯನ್ನು ನೆಲಮಟ್ಟದ ತನಕ ತುಂಬಿಸಬೇಕೆಂದು 2010ರಲ್ಲಿಯೇ ಸುಪ್ರೀಂ ಕೋರ್ಟು ಆಜ್ಞೆಮಾಡಿದೆ. ಬಾಯಿ ತೆರೆದ ಬಾವಿಯ ಸುತ್ತಲೂ ಸಾವಿರ ಮಂದಿ ಅಳುವದಕ್ಕಿಂತ, ಒಬ್ಬನು ಮೊದಲೇ ಹೋಗಿ ಅದನ್ನು ಕಲ್ಲುಮಣ್ಣಿನಿಂದ ತುಂಬಿಸುವದು ಲೇಸು.

ಸಭೆಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಗುಹೆಯ ಬಳಿಗೆ ಬಂದವರಲ್ಲಿ ನಿಜವಾಗಿ ನೆರವಾದವರು ಯಾರು? ಅವರನ್ನು ಮಿಕ್ಕವರಿಂದ ಬೇರೆ ಮಾಡಿದ್ದು ಯಾವದು?
2. ಹೆದರಿ ಹಿಂದಿರುಗಿದವನು ಸತ್ಯ ಹೇಳುವದಕ್ಕೆ ಏಕೆ ಕಷ್ಟಪಡುತ್ತಾನೆ? ಅವನಿಗೆ ಅದು ಸುಲಭವಾಗುವಂತೆ ಸಭೆಯು ಏನು ಮಾಡಬಹುದು?
3. ನಮ್ಮ ಊರಲ್ಲಿ ಆಪತ್ತು ಸಂಭವಿಸಿದರೆ ಗುಂಪನ್ನು ದೂರ ನಿಲ್ಲಿಸುವವರು ಯಾರು, ಅಧಿಕಾರಿಗಳಿಗೆ ತಿಳಿಸುವವರು ಯಾರು?
4. ನಮ್ಮ ಊರಿನ ಎಲ್ಲೆಯೊಳಗೆ ಬಾಯಿ ತೆರೆದಿರುವ ಬಾವಿಗಳು ಎಷ್ಟು? ಅವುಗಳನ್ನು ಈ ತಿಂಗಳೊಳಗೆ ಮುಚ್ಚುವವರು ಯಾರು?