ಗಂಜಾಮಿನ ‘ದೊಡ್ಡ ಸ್ವಾಮಿ’ ಮತ್ತು ಮರಳಿ ಬಂದವರು

ಅರ್ಹತೆ ನೋಡದೆ ದೇವರು ತೋರುವ ಪ್ರೀತಿಯನ್ನು ಕ್ರೈಸ್ತರು ‘ಕೃಪೆ’ ಎನ್ನುತ್ತಾರೆ. ಬೈಬಲಿನ ಎರಡು ಆಧಾರ ನೆನಪಿರಲಿ: ಹಳೆ ಒಡಂಬಡಿಕೆಯಲ್ಲಿ, ದಾರಿ ತಪ್ಪಿದ ಹೆಂಡತಿಯನ್ನು ಮತ್ತೆ ಸೇರಿಸಿಕೊಂಡ ಪ್ರವಾದಿ ಹೋಶೇಯ; ಹೊಸ ಒಡಂಬಡಿಕೆಯಲ್ಲಿ, ಲೂಕನ ಸುವಾರ್ತೆಯ 15ನೇ ಅಧ್ಯಾಯದ ತಪ್ಪಿಹೋದ ಮಗನ ಸಾಮತಿ.

ಪರೀಕ್ಷೆಗೆ ಓದುತ್ತಿರುವ ಚಿಕ್ಕರಸಿನಕೆರೆಯ ಅಭ್ಯರ್ಥಿಗೆ ಇಂಥ ಕೃಪೆಯ ಉದಾಹರಣೆ ಸ್ವಂತ ಜಿಲ್ಲೆಯ ಶ್ರೀರಂಗಪಟ್ಟಣದಲ್ಲೇ ಇದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕರೆತಂದ. ಅನೇಕರು ಬಲವಂತಕ್ಕೆ ಮಣಿದು ಮತ ಬಿಟ್ಟರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಚದುರಿದ ಸಭೆಯನ್ನು ಕಟ್ಟಲು ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್.

ಸೆರೆಯಾದವರಲ್ಲಿ ಒಬ್ಬರೂ ಗಟ್ಟಿಯಾಗಿ ನಿಲ್ಲಲಿಲ್ಲವೆಂದು ಅವರು ಮುಂದೆ ಖಾರವಾಗಿಯೇ ಬರೆದರು. (ಸೆರೆಯ ಕಷ್ಟ ಕಾಣದವರಿಗೆ ಹಾಗೆ ಬರೆಯುವುದು ಸುಲಭ.) ಆದರೂ ಪಶ್ಚಾತ್ತಾಪಪಟ್ಟು ಬಂದವರಿಗೆ ಚರ್ಚಿನ ಬಾಗಿಲು ಮುಚ್ಚಲಿಲ್ಲ, ಬಹುಪಾಲು ಜನ ಮರಳಿದರು.

ಪರೀಕ್ಷೆಗೆ ಬೇಕಾದ ಉಳಿದ ಸಂಗತಿಗಳು: ಜನ ದುಬೊಯ್ ಅವರನ್ನು ‘ದೊಡ್ಡ ಸ್ವಾಮಿಯವರು’ ಎನ್ನುತ್ತಿದ್ದರು. ಶ್ರೀರಂಗಪಟ್ಟಣದ ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹರಡಿದ್ದು, ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ರೈತರನ್ನು ನೆಲೆಗೊಳಿಸಿದ್ದು ಅವರ ಕೆಲಸಗಳೇ. ಹಿಂದೂ ಆಚಾರಗಳ ಬಗ್ಗೆ ಅವರು ಬರೆದ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಬಂತು. 1823ರಲ್ಲಿ ಫ್ರಾನ್ಸಿಗೆ ಮರಳಿದರು. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಅದೇ ವರ್ಷದ ‘ಪತ್ರಗಳು’ ಪುಸ್ತಕದಲ್ಲಿ ವಾದಿಸಿ, ಮಿಷನರಿ ವಲಯದಲ್ಲೇ ದೊಡ್ಡ ಜಗಳ ಎಬ್ಬಿಸಿದರು.